ಸಿ ಕೋಡ್‌ನಲ್ಲಿ ಗ್ಲೋಬಲ್‌ಗಳು ಚೆಲ್ಲಾಪಿಲ್ಲಿ ಆಗಿದ್ದರೆ

ದೊಡ್ಡ ಸಿ ಪ್ರಾಜೆಕ್ಟ್‌ನಲ್ಲಿ ಗ್ಲೋಬಲ್ ವೇರಿಯೇಬಲ್‌ಗಳನ್ನೆಲ್ಲ (ಯಾವ ಫಂಕ್ಷನ್ ಬೇಕಾದರೂ ಮುಟ್ಟಬಹುದಾದವು) ಒಂದೇ ದಿನ ಕಿತ್ತು ಹಾಕಲು ಹೋಗಬೇಡಿ. ನಾನು ಹೋಗಿದ್ದೆ, ಎರಡು ದಿನ ಬಿಲ್ಡೇ ಆಗಲಿಲ್ಲ.

ಮೊದಲು ಯಾವುದು ಎಲ್ಲೆಲ್ಲಿ ಬಳಕೆಯಲ್ಲಿದೆ ಅಂತ ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕುವ ಕಮಾಂಡ್) ಮಾಡಿ ನೋಡಿ. ಒಂದೇ ಫೈಲ್‌ನಲ್ಲಿ ಬಳಸಿದ್ದು ಸಿಕ್ಕರೆ ಅದನ್ನು ಬರೆದ ಸಾಲಿನ ಆರಂಭದಲ್ಲಿ ‘ಸ್ಟ್ಯಾಟಿಕ್’ ಪದ ಸೇರಿಸಿ. ಬೇರೆ ಫೈಲ್‌ನವರು ಹೆಸರು ಹಿಡಿದು ಮುಟ್ಟುವಂತಿಲ್ಲ, ಅರ್ಧ ತಲೆನೋವು ಅಲ್ಲೇ ಹೋಯಿತು.

ಉಳಿದವಕ್ಕೆ ಹೆಡರ್‌ನಲ್ಲಿ (ಬೇರೆ ಫೈಲ್‌ಗಳು ಸೇರಿಸಿಕೊಳ್ಳುವ .h ಫೈಲ್) ಎಕ್ಸ್‌ಟರ್ನ್ ಸಾಲು, ಅಂದರೆ ‘ಇದು ಬೇರೆಲ್ಲೋ ಇದೆ’ ಅನ್ನುವ ಸಾಲು, ಮಾತ್ರ ಇರಲಿ, ವೇರಿಯೇಬಲ್ ನಿಜವಾಗಿ ಹುಟ್ಟುವ ಡೆಫಿನಿಷನ್ ಒಂದೇ ಒಂದು ಸಿ ಫೈಲ್‌ನಲ್ಲಿ. ಹೆಡರ್‌ನಲ್ಲೇ ಸುಮ್ನೆ ‘ಇಂಟ್ ಕೌಂಟ್;’ ಅಂತ ಬರೆದ ಹಳೇ ಕೋಡ್ ಹಿಂದೆ ಹೇಗೋ ನಡೆಯುತ್ತಿತ್ತು, ಕಂಪೈಲ್ ಆದ ಫೈಲ್‌ಗಳನ್ನು ಜೋಡಿಸುವ ಲಿಂಕರ್ ಎಲ್ಲವನ್ನೂ ಸೇರಿಸಿ ಒಂದು ಮಾಡುತ್ತಿತ್ತು, ಆದರೆ 2020ರಲ್ಲಿ ಬಂದ ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿಯಿಂದ ಈಚೆಗೆ ‘ಮಲ್ಟಿಪಲ್ ಡೆಫಿನಿಷನ್’ ಅಂತ ಅಲ್ಲೇ ನಿಂತುಬಿಡುತ್ತದೆ. ‘-ಎಫ್‌ಕಾಮನ್’ ಫ್ಲ್ಯಾಗ್ ಹಾಕಿ ಅದರ ಬಾಯಿ ಮುಚ್ಚಿಸಬಹುದು. ಮಾಡಬೇಡಿ.

ಒಟ್ಟಿಗೆ ಸೇರುವಂಥವನ್ನು ಒಂದು ಸ್ಟ್ರಕ್ಟ್‌ಗೆ (ಹಲವು ವೇರಿಯೇಬಲ್‌ಗಳ ಒಂದು ಕಟ್ಟು) ಹಾಕಿ: ಪೋರ್ಟ್, ಟೈಮ್‌ಔಟ್, ಲಾಗ್ ಲೆವೆಲ್ ಎಲ್ಲ ‘ಕಾನ್ಫಿಗ್’ ಒಳಗೆ. ಅದಕ್ಕೆ ಬರೆಯುವುದು ಒಂದೇ ಫೈಲ್, ಉಳಿದವರು ಗೆಟರ್ ಫಂಕ್ಷನ್‌ನಿಂದ (ಬೆಲೆಯನ್ನು ಹಿಂದಿರುಗಿಸುವ ಫಂಕ್ಷನ್) ಓದಲಿ. ಥ್ರೆಡ್‌ಗಳು (ಏಕಕಾಲದಲ್ಲಿ ಓಡುವ ಕೆಲಸಗಳು) ಇದ್ದರೆ, ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಮಾಡುವ ಲಾಕ್ ಕೂಡ ಅದೇ ಫೈಲ್‌ನಲ್ಲಿ.

‘ಗ್ಲೋಬಲ್ಸ್.ಎಚ್’ ಅಂತ ಒಂದು ಫೈಲ್ ಮಾಡಿ ಎಲ್ಲವನ್ನೂ ತುಂಬಬೇಡಿ. ಒಂದು ಸಾಲು ಬದಲಿಸಿದರೂ ಅದನ್ನು ಸೇರಿಸಿಕೊಂಡ ಫೈಲ್‌ಗಳೆಲ್ಲ ಮತ್ತೆ ಕಂಪೈಲ್ ಆಗುತ್ತವೆ, ಅಷ್ಟರಲ್ಲಿ ಎರಡು ಕಾಫಿ ಆಗಿರುತ್ತೆ.