ದೋಸೆ ಕಾವಲಿ ಎಷ್ಟು ಶಾಖ ಕುಡಿಯುತ್ತದೆ?

ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲಿಗೆ ಬೆಳಿಗ್ಗೆ ಬೇಗ ಹೋದರೆ ಮೊದಲ ದೋಸೆಗೆ ಸ್ವಲ್ಪ ಕಾಯಬೇಕು. ಹಿಟ್ಟು ಹುದುಗಿದೆ, ಒಲೆ ಉರಿಯುತ್ತಿದೆ, ಆದರೆ ಕಾವಲಿ ಕಾದಿಲ್ಲ. ಅಷ್ಟು ಹೊತ್ತಿನಲ್ಲಿ ಅದು ಕುಡಿಯುವ ಶಾಖ ಎಷ್ಟು? ಮಕ್ಕಳಿಗೆ ಈ ಲೆಕ್ಕ ಹೇಳಿಕೊಡಲು ನನಗಂತೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮೊದಲು ತೂಕ. ಹೋಟೆಲಿನ ದಪ್ಪ ಕಬ್ಬಿಣದ ಕಾವಲಿ 20 ಕೆಜಿ ಅಂತ ಇಟ್ಟುಕೊಳ್ಳಿ.

ಆಮೇಲೆ ತಾಪದ ಏರಿಕೆ. 30 ಡಿಗ್ರಿಯಲ್ಲಿದ್ದ ಕಾವಲಿ 200 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಏರಿಕೆ 170. ಮಕ್ಕಳು ತಪ್ಪುವುದು ಇಲ್ಲೇ. ಸುಮ್ನೆ 200 ಹಿಡಿದು ಗುಣಿಸಿಬಿಡುತ್ತಾರೆ. ಮೊದಲೇ ಇದ್ದ 30 ಡಿಗ್ರಿಯನ್ನು ಒಲೆ ಕೊಟ್ಟಿಲ್ಲ, ಅಲ್ವಾ? ಅದನ್ನು ಕಳೆಯಲೇಬೇಕು.

ಮೂರನೆಯದು ವಿಶಿಷ್ಟೋಷ್ಣ. ಒಂದು ಕೆಜಿ ವಸ್ತುವಿನ ತಾಪ ಒಂದು ಡಿಗ್ರಿ ಏರಲು ಬೇಕಾದ ಶಾಖ ಇದು. ಶಾಖವನ್ನು ಅಳೆಯುವ ಮಾನ ಜೂಲ್. ಕಬ್ಬಿಣಕ್ಕೆ ಸುಮಾರು 450 ಜೂಲ್, ತಾಮ್ರಕ್ಕೆ 385, ಅಲ್ಯೂಮಿನಿಯಂಗೆ 900. ನೀರಿಗೆ ಬರೋಬ್ಬರಿ 4,180! ಪುಸ್ತಕದಲ್ಲಿ ಕಬ್ಬಿಣಕ್ಕೆ 0.45 ಅಂತ ಇದ್ದರೆ ಅದು ಗ್ರಾಂ ಲೆಕ್ಕ. ಆಗ ತೂಕವನ್ನೂ ಗ್ರಾಂನಲ್ಲೇ ಹಾಕಿ.

ಈಗ ಮೂರನ್ನೂ ಗುಣಿಸಿ: 20 × 450 × 170 = 15,30,000 ಜೂಲ್. ಇದು ಕಾವಲಿಯೊಳಗೆ ಸೇರಿದ ಶಾಖ ಮಾತ್ರ. ಉರಿಯ ದೊಡ್ಡ ಪಾಲು ಗಾಳಿಗೆ ಹೋಗುವುದರಿಂದ ಗ್ಯಾಸ್ ಇದಕ್ಕಿಂತ ಜಾಸ್ತಿಯೇ ಉರಿದಿರುತ್ತದೆ.

ಅಲ್ಯೂಮಿನಿಯಂ ಅಂಕಿ ಕಬ್ಬಿಣದ ಎರಡರಷ್ಟಿದೆ. ಹಾಗಾದರೆ ಅದರ ಕಾವಲಿ ಹೆಚ್ಚು ಶಾಖ ಹಿಡಿಯಬೇಕಲ್ಲ? ತೂಕ ನೋಡಿ. ಅಷ್ಟೇ ಅಗಲ, ಅಷ್ಟೇ ದಪ್ಪದ ಅಲ್ಯೂಮಿನಿಯಂ ಕಾವಲಿ ಸುಮಾರು 7 ಕೆಜಿ ತೂಗುತ್ತದೆ. 7 × 900 × 170 = 10,71,000 ಜೂಲ್. ಕಬ್ಬಿಣದ್ದೇ ಜಾಸ್ತಿ.

ಈ ವ್ಯತ್ಯಾಸ ಗೊತ್ತಾಗುವುದು ಭಟ್ಟರು ನೀರು ಚಿಮುಕಿಸಿದಾಗ. ಕಾವಲಿ ತೀರಾ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಗಟ್ಟಿಯಾಗುತ್ತದೆ, ಹರಡುವುದಿಲ್ಲ. ಅದಕ್ಕೇ ಆ ‘ಚುಂಯ್’. 100 ಗ್ರಾಂ ನೀರು 30 ಡಿಗ್ರಿಯಿಂದ ಕುದಿದು ಪೂರ್ತಿ ಆವಿಯಾಗಲು ಸುಮಾರು 2,55,000 ಜೂಲ್ ಬೇಕು. ಇದರಲ್ಲಿ ಕುದಿಯುವ ಮಟ್ಟಕ್ಕೆ ಬರಲು ಹೋಗುವುದು 29,000 ಅಷ್ಟೇ, ಉಳಿದದ್ದೆಲ್ಲ ಆವಿಯಾಗಲು. ಇಷ್ಟೂ ಕಾವಲಿಯಿಂದಲೇ ಬಂತು ಅಂದುಕೊಂಡು 20 × 450, ಅಂದರೆ 9,000ದಿಂದ ಭಾಗಿಸಿ. ಕಬ್ಬಿಣದ ಕಾವಲಿ 28 ಡಿಗ್ರಿ ಇಳಿಯುತ್ತದೆ. ಅಲ್ಯೂಮಿನಿಯಂ ಆಗಿದ್ದರೆ 40.