ಗುರು ಎಲ್ಲಿ, ಲಘು ಎಲ್ಲಿ: ಪ್ರಸ್ತಾರ ಹಾಕುವ ಬಗೆ

ಪದ್ಯಕ್ಕೆ ಪ್ರಸ್ತಾರ ಹಾಕಿ, ಅಂದರೆ ಪ್ರತಿ ಅಕ್ಷರದ ಮೇಲೆ ಗುರು, ಲಘು ಗುರುತು ಹಾಕಿ ಗಣ ಬಿಡಿಸಿ, ಎಂದರೆ ಹೆಚ್ಚಿನವರು ಒತ್ತಕ್ಷರ ಕಂಡೊಡನೆ ಅದರ ತಲೆಯ ಮೇಲೆಯೇ ಗುರುವಿನ ಗೆರೆ ಎಳೆದುಬಿಡುತ್ತಾರೆ. ಅಲ್ಲಿಂದ ಮುಂದೆ ಮಾತ್ರೆಯ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಲೆಕ್ಕ ಕೂಡಿಬರುವುದಿಲ್ಲ. ಛಂದಸ್ಸು ಕಬ್ಬಿಣದ ಕಡಲೆ ಎಂದು ಪುಸ್ತಕ ಮುಚ್ಚಿಡುತ್ತಾರೆ. ಗಣ (ಮಾತ್ರೆ ಅಥವಾ ಅಕ್ಷರಗಳ ಗುಂಪು), ಪ್ರಾಸ, ಕಂದ (ನಾಲ್ಕು ಸಾಲಿನ ಪದ್ಯ), ಷಟ್ಪದಿ (ಆರು ಸಾಲಿನ ಪದ್ಯ) ಮುಂತಾದ ಮಾತುಗಳು ಮನಸ್ಸಿಗೆ ಇಳಿಯುವುದು ಕೈಯಾರೆ ಪ್ರಸ್ತಾರ ಹಾಕಿದ ಮೇಲೆಯೇ. ಆದ್ದರಿಂದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು ಪೆನ್ಸಿಲ್ ಹಿಡಿಯಿರಿ.

ಮೊದಲ ಹೆಜ್ಜೆ: ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು, ಕಿವಿಗೆ ಬೀಳಬೇಕು.

ಎರಡನೆಯ ಹೆಜ್ಜೆ: ಅಕ್ಷರಗಳನ್ನು ಬಿಡಿಸಿ, ನಡುವೆ ಜಾಗ ಬಿಟ್ಟು ಬರೆಯಿರಿ. ಅರ್ಧಾಕ್ಷರಕ್ಕೆ ಬೇರೆ ಮನೆ ಕೊಡಬೇಡಿ. ‘ಮರಂಗಳ್’ ಎಂಬಲ್ಲಿ ಕೊನೆಯ ‘ಗಳ್’ ಒಂದೇ ಅಕ್ಷರ.

ಮೂರನೆಯ ಹೆಜ್ಜೆ ಗುರು, ಲಘು ಗುರುತಿಸುವುದು. ಎಡವುವುದೆಲ್ಲ ಇಲ್ಲೇ, ಇದಕ್ಕೆ ಸಮಯ ಕೊಡಿ. ಒಂದು ಮಾತ್ರೆಯದು ಲಘು (∪), ಎರಡು ಮಾತ್ರೆಯದು ಗುರು (—). ದೀರ್ಘಸ್ವರ, ಐ, ಔ, ಅನುಸ್ವಾರ, ವಿಸರ್ಗ ಇರುವ ಅಕ್ಷರ ಮತ್ತು ‘ಗಳ್’ನಂತೆ ವ್ಯಂಜನದಲ್ಲಿ ನಿಲ್ಲುವ ಅಕ್ಷರ ಗುರು. ಇಷ್ಟನ್ನು ಎಲ್ಲರೂ ಸರಿಯಾಗಿ ಮಾಡುತ್ತಾರೆ. ಉಳಿದದ್ದು ಒತ್ತಕ್ಷರ. ಒತ್ತಕ್ಷರ ತನ್ನ ಹಿಂದಿನ ಅಕ್ಷರವನ್ನು ಗುರು ಮಾಡುತ್ತದೆಯೇ ಹೊರತು ಅದರಿಂದ ತಾನು ಗುರುವಾಗುವುದಿಲ್ಲ. ‘ಸತ್ಯ’ ಎನ್ನಿ. ನಾಲಿಗೆ ‘ಸತ್’ ಎಂದು ಒಂದು ಕ್ಷಣ ತಡೆದು ಆಮೇಲೆ ‘ಯ’ ಎನ್ನುತ್ತದೆ. ಆ ತಡೆಯೇ ಎರಡನೆಯ ಮಾತ್ರೆ. ಹಾಗಾಗಿ ‘ಸ’ ಗುರು, ‘ತ್ಯ’ ಲಘು.

ಕಣ್ಣು ಮೋಸ ಮಾಡುವ ಎರಡು ಕಡೆಗಳಿವೆ. ಒಂದು ಅರ್ಕಾವೊತ್ತು. ‘ಧರ್ಮ’ದಲ್ಲಿ ರಕಾರದ ಗುರುತು ಮಕಾರದ ನಂತರ ಬರೆಯಲ್ಪಟ್ಟರೂ ಉಚ್ಚಾರದಲ್ಲಿ ಮೊದಲು ಬರುವುದು ರಕಾರವೇ, ಗುರುವಾಗುವುದು ‘ಧ’. ಇನ್ನೊಂದು ಋಕಾರದ ಗುರುತು. ಅದು ಅಕ್ಷರದ ಕೆಳಗೆ ಕೂತಿರುವುದರಿಂದ ಒತ್ತಿನಂತೆ ಕಾಣುತ್ತದೆ. ಆದರೆ ಅದು ಸ್ವರ. ‘ವಿಕ್ರಮ’ದಲ್ಲಿ ‘ವಿ’ ಗುರು. ‘ವಿಕೃತ’ದಲ್ಲಿ ಮೂರೂ ಲಘು. ಈ ಜೋಡಿಯನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಈಗ ನಿಜವಾದ ಪದ್ಯಕ್ಕೆ ಬನ್ನಿ. ಕುಮಾರವ್ಯಾಸನ ಭಾರತದ ಮೊದಲ ಪದ್ಯದ ಮೊದಲ ಸಾಲು: ‘ಶ್ರೀವನಿತೆಯರಸನೆ ವಿಮಲ ರಾ’. ಶ್ರೀವ (3), ನಿತೆಯರ (4), ಸನೆವಿ (3), ಮಲರಾ (4). ಒಟ್ಟು 14. ‘ರಾಜೀವ’ ಎಂಬ ಪದ ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಹರಿದಿದೆ. ಗಣ ಮಾಡುವಾಗ ಪದದ ಗಡಿಯನ್ನು ನೋಡಲೇಬೇಡಿ ಎನ್ನುವುದು ಇದಕ್ಕೇ. ಮೂರನೆಯ ಸಾಲು ‘ದಾತಾರ’ ಎಂದು ಮುಗಿಯುತ್ತದೆ. ಆ ‘ರ’ ಹ್ರಸ್ವವಾದರೂ ಗುರುವೆಂದೇ ಎಣಿಸಬೇಕು. ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯ ಅಕ್ಷರಕ್ಕೆ ಈ ನಿಯಮ ಇದೆ.

ನಾಲ್ಕನೆಯ ಸಾಲಿನಲ್ಲಿ ಒಂದು ಸೂಕ್ಷ್ಮವಿದೆ: ‘ರಾವಣಾಸುರ ಮಥನ ಶ್ರವಣ ಸು’. ಮುಂದೆ ‘ಶ್ರ’ ಇರುವುದರಿಂದ ‘ನ’ ಗುರುವಾಗಬೇಕಲ್ಲವೇ? ಗುರು ಮಾಡಿದರೆ ಮಾತ್ರೆ 15 ಆಗುತ್ತದೆ. ಗಟ್ಟಿಯಾಗಿ ಓದಿ ನೋಡಿ: ‘ಮಥನ’ದ ನಂತರದ ‘ಶ್ರ’ ತೇಲಿಸಿ ಉಚ್ಚರಿಸಬೇಕಾದದ್ದು, ‘ನ’ದ ಮೇಲೆ ಒತ್ತು ಬೀಳುವುದಿಲ್ಲ. ಅದು ಲಘುವಾಗಿಯೇ ಉಳಿದು ಲೆಕ್ಕ 14ಕ್ಕೆ ನಿಲ್ಲುತ್ತದೆ. ಹಳಗನ್ನಡದ ‘ಎರ್ದೆ’ಯಂಥ ಪದಗಳಲ್ಲೂ ಹೀಗೆ ಒತ್ತು ಸಡಿಲವಾಗಿ, ಹಿಂದಿನ ಅಕ್ಷರ ಲಘುವಾಗಿಯೇ ನಿಲ್ಲುವುದುಂಟು, ಅದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. ಕೊನೆಯ ಸಾಲಿನ ಅಂಕಿತವನ್ನೂ ಗಮನಿಸಿ: ‘ವೀರನಾರಯಣ’. ‘ನಾರಾಯಣ’ ಎಂದರೆ ಒಂದು ಮಾತ್ರೆ ಹೆಚ್ಚುತ್ತದೆ, ಅದಕ್ಕೇ ಕವಿ ‘ರಾ’ವನ್ನು ಹ್ರಸ್ವ ಮಾಡಿದ್ದಾನೆ. ಅಚ್ಚಿನ ತಪ್ಪೆಂದು ತಿದ್ದಲು ಹೋಗಬೇಡಿ.

ಪರೀಕ್ಷೆಯ ಗೈಡುಗಳಲ್ಲಿರುವ ಸಿದ್ಧ ಪ್ರಸ್ತಾರವನ್ನು ನಕಲು ಮಾಡುವುದು ಬೇಡ. ಗುರುವಿನ ಗೆರೆ ಒಂದಕ್ಷರ ಆಚೆ ಸರಿದು ಅಚ್ಚಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮಾತ್ರೆ ಎಣಿಸುವ ತಂತ್ರಾಂಶವನ್ನು ಉತ್ತರ ತಾಳೆ ನೋಡಲು ಬಳಸಿ, ಕಲಿಯಲು ಬೇಡ. ನಿಯಮದಂತೆ ಮಾತ್ರ ಎಣಿಸುವ ಯಂತ್ರ ‘ಮಥನ ಶ್ರವಣ’ದಂಥ ಕಡೆ ಜಾರುತ್ತದೆ.

ನಾಲ್ಕನೆಯ ಹೆಜ್ಜೆ ಗಣವಿಭಾಗ. ಗುರು, ಲಘು ಸರಿಯಿದ್ದರೆ ಇದು ತಾನಾಗಿಯೇ ಬರುತ್ತದೆ. ಮಾತ್ರಾಗಣವಾದರೆ ಮೂರು, ನಾಲ್ಕು, ಐದು ಮಾತ್ರೆಗಳಿಗೆ ಒಂದೊಂದು ಗೆರೆ. ಒಂದು ಗುರುವನ್ನು ಎರಡು ಗಣಗಳಿಗೆ ಒಡೆದು ಹಂಚುವಂತಿಲ್ಲ. ವೃತ್ತಗಳಿಗೆ, ಅಂದರೆ ಸಾಲಿಗೆ ಇಂತಿಷ್ಟೇ ಅಕ್ಷರ ಎಂಬ ಪದ್ಯಗಳಿಗೆ, ಅಕ್ಷರಗಣ ಬೇಕು, ಪ್ರತಿಯೊಂದಕ್ಕೂ ಮೂರಕ್ಷರ. ಅದಕ್ಕೆ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರ ಸಾಕು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರನ್ನು ಎಣಿಸಿ: ‘ಯಮಾತಾ’ (∪——) ಯಗಣ, ‘ಭಾನಸ’ (—∪∪) ಭಗಣ.

ಐದನೆಯದು ಹೆಸರಿಸುವುದು. ಷಟ್ಪದಿಯ ಮೊದಲ ಸಾಲಿನಲ್ಲಿ 3+4+3+4 ಬಂದರೆ ಭಾಮಿನಿ, ಐದರ ನಾಲ್ಕು ಗಣವಾದರೆ ವಾರ್ಧಕ, ನಾಲ್ಕರ ಎರಡಾದರೆ ಶರ, ನಾಲ್ಕರ ನಾಲ್ಕಾದರೆ ಪರಿವರ್ಧಿನಿ, ಐದರ ಎರಡಾದರೆ ಕುಸುಮ, ಮೂರರ ನಾಲ್ಕಾದರೆ ಭೋಗ. ಮೂರನೆಯ ಸಾಲು ಇದರ ಒಂದೂವರೆ ಪಟ್ಟು ಮತ್ತು ಒಂದು ಗುರು. ಭಾಮಿನಿಗೆ ಅದು 23 ಮಾತ್ರೆ.

ಸಾಲುಗಳನ್ನು ಎಲ್ಲಿ ಕತ್ತರಿಸಬೇಕೆಂಬ ಅನುಮಾನ ಬಂದರೆ ಆದಿಪ್ರಾಸ ನೋಡಿ. ಮೇಲಿನ ಪದ್ಯದಲ್ಲಿ ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು: ಆರು ಸಾಲುಗಳಲ್ಲೂ ಎರಡನೆಯ ಅಕ್ಷರ ವಕಾರ, ಮೊದಲಕ್ಷರ ಗುರು.

ಅಭ್ಯಾಸವನ್ನು ಭಾಮಿನಿಯಿಂದಲೇ ಆರಂಭಿಸಿ, ಕಂದಪದ್ಯವನ್ನು ಆಮೇಲೆ ತೆಗೆದುಕೊಳ್ಳಿ. ಕಂದದಲ್ಲಿ 12, 20, 12, 20 ಎಂದು ಮಾತ್ರೆ ಕೂಡಿದರೆ ಮುಗಿಯಲಿಲ್ಲ. ನಾಲ್ಕು ಮಾತ್ರೆಯ ಗಣಗಳಾಗಿ ಬಿಡಿಸಿದಾಗ ಪ್ರತಿ ಅರ್ಧದ (ಎರಡೆರಡು ಸಾಲಿನ) ಆರನೆಯ ಗಣ ಜಗಣವೋ (∪—∪) ನಾಲ್ಕು ಲಘುಗಳೋ ಆಗಿರಬೇಕು, ಬೆಸಸಂಖ್ಯೆಯ ಗಣಗಳಲ್ಲಿ ಜಗಣ ಬರಬಾರದು, ಅರ್ಧದ ಕೊನೆಯಕ್ಷರ ಗುರುವಾಗಿರಬೇಕು. ಇವನ್ನು ಒಂದೊಂದಾಗಿ ನೋಡಿ ಗುರುತು ಹಾಕಿದ ಮೇಲೆಯೇ ಕಂದ ಎಂದು ಬರೆಯಿರಿ.