ಬಸಪ್ಪ ಎಂದರೆ ಐದು ಪ್ರಶ್ನಾರ್ಥಕ ಚಿಹ್ನೆ

ಗಂಗಾವತಿಯ ಒಂದು ದಲಾಲಿ ಅಂಗಡಿಗೆ 2013ರಲ್ಲಿ ನಾನೊಂದು ವೆಬ್ ತಂತ್ರಾಂಶ ಬರೆದುಕೊಟ್ಟಿದ್ದೆ. ರೈತರ ಹೆಸರು, ಊರು, ಚೀಲ, ತೂಕ, ಹಮಾಲಿ, ಬಾಕಿ ಎಲ್ಲವೂ ಕನ್ನಡದಲ್ಲಿ. ಎಂಟು ವರ್ಷ ಯಾರೂ ದೂರಲಿಲ್ಲ. 2021ರಲ್ಲಿ ಅದನ್ನು ಹೊಸ ಸರ್ವರ್‌ಗೆ ಸಾಗಿಸಿದೆ, ಅದೂ ಭತ್ತದ ಸುಗ್ಗಿಯ ನಡುವೆ. ಬೆಳಿಗ್ಗೆ ಹನ್ನೊಂದಕ್ಕೆ ಗುಮಾಸ್ತರ ಫೋನ್ ಬಂತು: “ಸರ್, ನಮ್ಮ ರೈತರೆಲ್ಲ ಪರದೇಶಕ್ಕೆ ಹೋಗಿಬಿಟ್ಟಿದ್ದಾರೆ.”

ಹೋಗಿ ನೋಡಿದರೆ ಹಾಳಾದದ್ದು ಎರಡು ಬಗೆಯಲ್ಲಿ. ಹಳೆಯ ಹೆಸರುಗಳಿದ್ದ ಕಡೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಮತ್ತೊಂದು ಗುರುತು, ಹೀಗೆ ಸಾಲುಸಾಲು. ಅಂದು ಬೆಳಿಗ್ಗೆ ಸೇರಿಸಿದ 38 ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಸಾಹುಕಾರರಿಗೆ ಎರಡೂ ಒಂದೇ. ನನಗೆ ಎದೆ ಧಸಕ್ಕೆಂದದ್ದು ಎರಡನೆಯದನ್ನು ಕಂಡು. ವಿಚಿತ್ರ ಅಕ್ಷರಗಳೊಳಗೆ ಮೂಲ ಬೈಟುಗಳು, ಅಂದರೆ ಕಂಪ್ಯೂಟರ್ ಅಕ್ಷರವನ್ನು ಎತ್ತಿಡುವ ಅಂಕಿಗಳು, ಇನ್ನೂ ಇರುತ್ತವೆ. ಪ್ರಶ್ನಾರ್ಥಕ ಚಿಹ್ನೆಯೊಳಗೆ ಏನೂ ಇರುವುದಿಲ್ಲ.

ತಪ್ಪು ಎಂಟು ವರ್ಷ ಹಳೆಯದು, ನನ್ನದೇ. ಪುಟಗಳು ಯುಟಿಎಫ್-8ರಲ್ಲಿದ್ದವು; ಜಗತ್ತಿನ ಲಿಪಿಗಳನ್ನು ಬೈಟುಗಳಾಗಿಸುವ ಪದ್ಧತಿ ಅದು. ಅದರಲ್ಲಿ ಕನ್ನಡದ ಮೂಲಾಕ್ಷರ, ಗುಣಿತದ ಚಿಹ್ನೆ, ವಿರಾಮ (ಅಕ್ಷರದ ಸ್ವರ ತೆಗೆಯುವ ‘್’ ಗುರುತು) ಇವಕ್ಕೆಲ್ಲ ತಲಾ 3 ಬೈಟ್. ಹಳೆಯ ಮೈಎಸ್‌ಕ್ಯುಎಲ್ ಎಂಬ ದತ್ತಾಂಶದ ಉಗ್ರಾಣ ಮಾತ್ರ ಏನೂ ಹೇಳದಿದ್ದರೆ ಲ್ಯಾಟಿನ್1, ಅಂದರೆ ಬೈಟಿಗೊಂದರಂತೆ ಯುರೋಪಿನ ಅಕ್ಷರ, ಎಂದುಕೊಳ್ಳುತ್ತಿತ್ತು, ನಾನು ಏನೂ ಹೇಳಿರಲಿಲ್ಲ. ಅದು ನಮ್ಮ ‘ಕ’ವನ್ನು ಮೂರು ಯುರೋಪಿನ ಅಕ್ಷರಗಳೆಂದು ಎತ್ತಿಡುತ್ತಿತ್ತು, ಕೇಳಿದಾಗ ಆ ಮೂರನ್ನೇ ಕೊಡುತ್ತಿತ್ತು. ಬ್ರೌಸರ್ ಅವನ್ನು ಕೂಡಿಸಿ ‘ಕ’ ಎಂದು ಓದುತ್ತಿತ್ತು. ಹೋಗುವಾಗ ಒಂದು ತಪ್ಪು, ಬರುವಾಗ ಅದಕ್ಕೆ ಸರಿಸಮನಾದ ಇನ್ನೊಂದು; ತಕ್ಕಡಿ ಸರಿಯಾಗಿಯೇ ತೂಗುತ್ತಿತ್ತು. ಹೊಸ ಸರ್ವರ್‌ನ ಮೈಎಸ್‌ಕ್ಯುಎಲ್ 8.0 ಆವೃತ್ತಿ ತಾನಾಗಿಯೇ ಯುಟಿಎಫ್8ಎಂಬಿ4ರಲ್ಲಿ (ಯುಟಿಎಫ್-8ಕ್ಕೆ ಅದು ಇಟ್ಟ ಹೆಸರು) ಮಾತನಾಡುತ್ತದೆ. ಸಂಪರ್ಕ ಸರಿಹೋಯಿತು, ಕೋಷ್ಟಕಗಳು ಲ್ಯಾಟಿನ್1 ಆಗಿಯೇ ಉಳಿದವು, ತಕ್ಕಡಿ ವಾಲಿತು. ಲ್ಯಾಟಿನ್1 ಕೋಷ್ಟಕಕ್ಕೆ ನಿಜವಾದ ಕನ್ನಡ ಬಂದರೆ ಮೈಎಸ್‌ಕ್ಯುಎಲ್ ತನ್ನ ಕಟ್ಟುನಿಟ್ಟಿನ ಸ್ಥಿತಿಯಲ್ಲಿ ದೋಷ ತೋರಿಸಿ ನಿಲ್ಲುತ್ತದೆ. ದಿನಾಂಕದ ಜಾಗದಲ್ಲಿ ಬರೀ ಸೊನ್ನೆಯಿದ್ದ ಹಳೆಯ ಸಾಲುಗಳು ತಕರಾರು ಮಾಡುತ್ತವೆಂದು ಹಿಂದಿನ ರಾತ್ರಿಯಷ್ಟೇ ನಾನು ಆ ಸ್ಥಿತಿಯನ್ನು ಬಂದ್ ಮಾಡಿದ್ದೆ. ಹಾಗಾಗಿ ಅದು ಸದ್ದಿಲ್ಲದೆ ಪ್ರಶ್ನಾರ್ಥಕ ಚಿಹ್ನೆ ಬರೆದುಕೊಂಡಿತು.

ಮೊದಲು ಅಂಗಡಿಯ ಬರವಣಿಗೆ ನಿಲ್ಲಿಸಿ, ದತ್ತಾಂಶದ ಪ್ರತಿ ತೆಗೆದೆ. ಪ್ರತಿಯ ಮೇಲೆ ಪೈಥಾನ್‌ನಲ್ಲಿ ಹತ್ತು ಸಾಲು ಬರೆದು, ವಿಚಿತ್ರ ಅಕ್ಷರಗಳನ್ನು ವಿಂಡೋಸ್-1252 ಎಂಬ ಯುರೋಪಿನ ಅಕ್ಷರಪಟ್ಟಿಯ ಮೂಲಕ ಬೈಟುಗಳಿಗೆ ಇಳಿಸಿ ಯುಟಿಎಫ್-8 ಎಂದು ಓದಿಸಿದೆ. ರಮೇಶ ಬಂದ. ಶರಣಬಸವ ಬಂದ. ಬಸಪ್ಪ ಬರಲಿಲ್ಲ, ಈರಪ್ಪ ಬರಲಿಲ್ಲ, ದೇವಮ್ಮ ಬರಲಿಲ್ಲ. ಒತ್ತಕ್ಷರವಿದ್ದ ಪ್ರತಿ ಹೆಸರೂ ಬಿತ್ತು. ಕೊಪ್ಪಳ ಜಿಲ್ಲೆಯಲ್ಲಿ ‘ಪ್ಪ’, ‘ಮ್ಮ’ ಇಲ್ಲದ ಹೆಸರು ಎಷ್ಟು ಸಿಕ್ಕಾವು?

ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಒತ್ತಕ್ಷರ ಹುಟ್ಟಿಸುವ ವಿರಾಮದ ಮೂರನೆಯ ಬೈಟ್ 8ಡಿ (ಹದಿನಾರರ ಎಣಿಕೆಯಲ್ಲಿ ಬರೆದ ಅಂಕಿ). ವಿಂಡೋಸ್-1252ರಲ್ಲಿ ಐದು ಮನೆಗಳು ಖಾಲಿ ಇವೆ, ಅವುಗಳಲ್ಲಿ 8ಡಿ ಒಂದು. ಪೈಥಾನ್ ಅಲ್ಲಿ ಕೈಚೆಲ್ಲುತ್ತದೆ. ಮೈಎಸ್‌ಕ್ಯುಎಲ್‌ನ ಲ್ಯಾಟಿನ್1 ಕೂಡ ವಿಂಡೋಸ್-1252ರದೇ ರೂಪ, ಆದರೆ ಆ ಐದನ್ನೂ ಉಳಿಸಿಕೊಳ್ಳುತ್ತದೆ. ಆದ್ದರಿಂದ ಪೈಥಾನ್ ಬಿಟ್ಟು, ಕಾಲಂಗಳನ್ನು ಮೊದಲು ಬ್ಲಾಬ್‌ಗೆ, ಅಲ್ಲಿಂದ ಯುಟಿಎಫ್8ಎಂಬಿ4 ಪಠ್ಯಕ್ಕೆ ಬದಲಿಸಿದೆ. ಬ್ಲಾಬ್ ಆದಾಗ ಅಕ್ಷರದ ಗೊಡವೆಯೇ ಇರುವುದಿಲ್ಲ, ಬೈಟುಗಳಷ್ಟೇ ಉಳಿಯುತ್ತವೆ. ಬ್ಲಾಬ್ ತಪ್ಪಿಸಿ ನೇರವಾಗಿ ಬದಲಿಸಿದರೆ ವಿಚಿತ್ರ ಅಕ್ಷರಗಳೇ ಅಧಿಕೃತವಾಗಿಬಿಡುತ್ತವೆ. ಮೂರು ಬೈಟಿನ ‘ಕ’ ಏಳು ಬೈಟಿಗೆ ಉಬ್ಬುತ್ತದೆ.

ಈ ಸಲ ಕಟ್ಟುನಿಟ್ಟಿನ ಸ್ಥಿತಿ ಹಾಕಿಕೊಂಡೇ ನಡೆಸಿದ್ದರಿಂದ ಇನ್ನೊಂದು ಹುಳುಕು ಹೊರಬಿತ್ತು. ಊರಿನ ಕಾಲಂಗೆ ನಾನು 50 ಅಕ್ಷರ ಕೊಟ್ಟಿದ್ದೆ. ಲ್ಯಾಟಿನ್1ರಲ್ಲಿ ಅದು 50 ಬೈಟ್ ಅಷ್ಟೇ. ‘ಬಸಾಪಟ್ಟಣ, ಗಂಗಾವತಿ ತಾಲ್ಲೂಕು’ ಎಂದು ಬರೆದವರ ವಿಳಾಸ ತಾಲ್ಲೂಕಿನ ‘ತ’ದ ಎರಡು ಬೈಟಿಗೆ ತುಂಡಾಗಿತ್ತು. ಅರೆಬೆಂದ ಆ ‘ತ’ ಪರಿವರ್ತನೆಯನ್ನೇ ತಡೆದು ನಿಲ್ಲಿಸಿತು. ಅಂಥ ಸಾಲುಗಳನ್ನು ಹುಡುಕಿ ಬಾಲ ಕತ್ತರಿಸಿದೆ.

ಕೊನೆಗೆ ಉಳಿದದ್ದು ಆ 38. ಗುಮಾಸ್ತರು ತಂತ್ರಾಂಶವನ್ನು ಎಂದೂ ಪೂರ್ತಿ ನಂಬಿದವರಲ್ಲ, ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲೂ ಬರೆದಿದ್ದರು. ನನಗೆ ಸಿಕ್ಕ ಸುಳಿವು ಒಂದೇ: ಕಳೆದುಹೋದ ಪ್ರತಿ ಸಂಕೇತಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ. ಬ, ಸ, ಪ, ವಿರಾಮ, ಪ. ಬಸಪ್ಪ ಎಂದರೆ ಐದು. ದೇವಮ್ಮ ಆರು. ಅವರು ಪುಸ್ತಕದಿಂದ ಓದಿದರು, ನಾನು ಚಿಹ್ನೆ ಎಣಿಸಿ, ಚೀಲ ತಾಳೆ ನೋಡಿ ತುಂಬಿದೆ. ಒಂದು ಕಡೆ ಮಾತ್ರ ಸಿಕ್ಕಿಕೊಂಡಿತು: ಒಂದೇ ಊರಿನ ಬಸಪ್ಪ ಮತ್ತು ಈರಪ್ಪ, ಇಬ್ಬರದೂ ಐದು ಚಿಹ್ನೆ, ಇಬ್ಬರದೂ 42 ಚೀಲ. ಗುಮಾಸ್ತರು ಕನ್ನಡಕ ಏರಿಸಿ ತೇವಾಂಶದ ಅಂಕಿ ನೋಡಿದರು. “ಹಸಿ ಇದ್ದದ್ದು ಈರಪ್ಪನದು ಸರ್. ಚೀಲಕ್ಕೆ ಕೈ ಹಾಕಿ ನಾನೇ ಜಗಳವಾಡಿದ್ದೆ.”